ಸ್ಪೀಕರ್ ಕೆಳಗೆ ಲೋಹದ ಮೊನೆ ಇಟ್ಟರೆ ಪಕ್ಕದ ಮನೆಗೆ ಸದ್ದು ಹೋಗುವುದಿಲ್ಲವೇ?

ಒಂದು ಫಾರ್ವರ್ಡ್ ನಮ್ಮ ಕೈಗೆ ಬಂತು. ಅದರ ಸಾರಾಂಶ ಇಷ್ಟು: ಮನೆಯ ಸ್ಪೀಕರ್‌ನ ಸದ್ದು ಪಕ್ಕದ ಮನೆಗೆ ಹೋಗುವುದು ನೆಲದ ಮೂಲಕ. ಸ್ಪೀಕರ್ ಕೆಳಗೆ ಚೂಪಾದ ಲೋಹದ ಮೊನೆಗಳನ್ನು ಇಟ್ಟರೆ ಕಂಪನ ಸ್ಪೀಕರ್‌ನಿಂದ ಇಳಿದುಹೋಗುತ್ತದೆ, ತಿರುಗಿ ಬರುವುದಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಪೂರ್ತಿ ನಿಲ್ಲುತ್ತದೆ. ಇದನ್ನೆಲ್ಲ ಮಾಡದಿದ್ದರೆ ಬೇಸ್ ಸದ್ದಿಗೆ ಹಳೆಯ ಮನೆಯ ಗೋಡೆ ಬಿರುಕು ಬಿಡುತ್ತದೆ. ಕೊನೆಗೆ ಎಂದಿನಂತೆ, ತಪ್ಪದೆ ಹತ್ತು ಜನರಿಗೆ ಕಳಿಸಿ.

ಇದನ್ನು ನಮಗೆ ಕಳಿಸಿದವರು ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿರುವ ನಿವೃತ್ತ ಮೇಷ್ಟ್ರು. ನಿಜವೋ ಸುಳ್ಳೋ ತಿಳಿಸಿ ಎಂದು ಕೇಳಿದ್ದರು. ಆದರೆ ಕೇಳುವ ಮೊದಲೇ ಆನ್‌ಲೈನ್‌ನಲ್ಲಿ 6,500 ರೂಪಾಯಿ ಕೊಟ್ಟು ಎಂಟು ಲೋಹದ ಮೊನೆಗಳನ್ನು ತರಿಸಿ, ಎರಡೂ ಸ್ಪೀಕರ್‌ಗಳ ಕೆಳಗೆ ತಿರುಗಿಸಿ ಕೂರಿಸಿಯೂ ಆಗಿತ್ತು. ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಹೃದಯದ ಆಪರೇಷನ್ ಆಗಿ ಬಂದ ಹಿರಿಯರೊಬ್ಬರು ಮಲಗಿದ್ದಾರೆ. ಅವರ ಸೊಸೆ ಎರಡು ಸಲ ಬಂದು, “ಮೇಷ್ಟ್ರೇ, ನಿಮ್ಮ ಪಾಟಿಂದ ಅತ್ತೆಗೆ ನಿದ್ದೇನೇ ಇಲ್ಲ” ಎಂದು ಹೇಳಿ ಹೋಗಿದ್ದರು. ಮೂರನೇ ಸಲ ಬಂದಾಗ ಮಾತು ಸ್ವಲ್ಪ ಬಿಸಿಯಾಯಿತಂತೆ. ಮೇಷ್ಟ್ರು, “ಅಷ್ಟು ದುಡ್ಡು ಹಾಕಿದೀನಮ್ಮ, ಇನ್ನು ಹೇಗೆ ಕೇಳಿಸುತ್ತೆ?” ಎಂದರಂತೆ. ಆಮೇಲೆ ಎರಡು ಮನೆಗಳ ನಡುವೆ ಮಾತಿಲ್ಲ. ಹಾಗಾಗಿ ಒಂದು ಭಾನುವಾರ ನಾವೇ ಹೋದೆವು.

ಫಾರ್ವರ್ಡ್‌ನಲ್ಲಿ ಕಾಲು ಭಾಗ ನಿಜವಿದೆ. ತೊಂದರೆ ಇರುವುದು ಅಲ್ಲೇ.

ಸದ್ದಿಗೆ ಎರಡು ದಾರಿ

ಹೈಸ್ಕೂಲಿನಲ್ಲಿ ಶ್ರುತಿಕವೆಯನ್ನು ರಬ್ಬರ್ ಮೇಲೆ ತಟ್ಟಿ ಕಿವಿಯ ಹತ್ತಿರ ಹಿಡಿದದ್ದು ನೆನಪಿರಬಹುದು. ಸದ್ದು ಸಣ್ಣಗೆ ಕೇಳಿಸುತ್ತದೆ. ಅದರ ಹಿಡಿಯನ್ನು ಮೇಜಿಗೆ ಒತ್ತಿದ ಕೂಡಲೇ ಇಡೀ ಕ್ಲಾಸಿಗೆ ಕೇಳಿಸುತ್ತದೆ. ಶ್ರುತಿಕವೆಯ ಶಕ್ತಿಯೇನೂ ಹೆಚ್ಚಾಗಿಲ್ಲ. ಕಂಪನ ಮೇಜಿಗೆ ಇಳಿದು, ಮೇಜಿನ ದೊಡ್ಡ ಹಲಗೆ ಗಾಳಿಯನ್ನು ತಳ್ಳಲು ಶುರುಮಾಡಿದೆ, ಅಷ್ಟೆ. ಫಾರ್ವರ್ಡ್ ಬರೆದವರ ತಲೆಯಲ್ಲಿ ಇರುವುದು ಈ ಚಿತ್ರ. ಸ್ಪೀಕರ್ ಶ್ರುತಿಕವೆ, ನೆಲ ಮೇಜು.

ಆದರೆ ಶ್ರುತಿಕವೆ ಗಾಳಿಯನ್ನು ತಳ್ಳುವುದರಲ್ಲಿ ತೀರಾ ದುರ್ಬಲ. ಸ್ಪೀಕರ್ ಇರುವುದೇ ಗಾಳಿಯನ್ನು ತಳ್ಳುವುದಕ್ಕೆ. ಅದರಿಂದ ಹೊರಟ ಸದ್ದು ಪಕ್ಕದ ಮನೆಗೆ ಎರಡು ದಾರಿಯಲ್ಲಿ ಹೋಗಬಹುದು. ಒಂದು, ಸ್ಪೀಕರ್ ಪೆಟ್ಟಿಗೆ ನಡುಗಿ, ಆ ನಡುಕ ಕಾಲುಗಳ ಮೂಲಕ ನೆಲಕ್ಕೆ, ನೆಲದಿಂದ ಗೋಡೆಗೆ. ಇನ್ನೊಂದು, ಕೋಣೆಯ ಗಾಳಿಯೇ ಗೋಡೆಯನ್ನು ತಳ್ಳಿ, ಗೋಡೆ ಆಚೆ ಬದಿಯ ಗಾಳಿಯನ್ನು ತಳ್ಳಿ. ಮೊನೆ, ರಬ್ಬರ್, ಸ್ಪಂಜು, ಏನೇ ಇಟ್ಟರೂ ಅದು ಮೊದಲ ದಾರಿಗೆ ಮಾತ್ರ ಅಡ್ಡ ಬರಬಲ್ಲದು. ಎರಡನೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಯಾವ ದಾರಿ ದೊಡ್ಡದು? ಮೇಷ್ಟ್ರ ಮನೆಯ ಲೆಕ್ಕವನ್ನೇ ಹಾಕೋಣ. ಸ್ಪೀಕರ್ ಪೆಟ್ಟಿಗೆ ಸುಮಾರು 15 ಕೆ.ಜಿ. ಅದರಲ್ಲಿ ಆರೂವರೆ ಇಂಚಿನ ವೂಫರ್. ಅಂಥ ವೂಫರ್‌ನಲ್ಲಿ ಅಲುಗಾಡುವ ಭಾಗ, ಅಂದರೆ ಕೋನ್ ಮತ್ತು ಅದರ ಹಿಂದಿನ ಕಾಯಿಲ್, ಸುಮಾರು 20 ಗ್ರಾಂ. 50 ಹರ್ಟ್ಸ್‌ನ ಬೇಸ್ ಸ್ವರ ಜೋರಾಗಿ ಬರುವಾಗ ಕೋನ್ 3 ಮಿ.ಮೀ. ಮುಂದೆ ಹೋಗಿ 3 ಮಿ.ಮೀ. ಹಿಂದೆ ಬರುತ್ತದೆ ಎಂದುಕೊಳ್ಳಿ. ನ್ಯೂಟನ್‌ನ ಮೂರನೇ ನಿಯಮದಂತೆ ಪೆಟ್ಟಿಗೆ ವಿರುದ್ಧ ದಿಕ್ಕಿಗೆ ಅಲುಗಬೇಕು. ಆದರೆ ಪೆಟ್ಟಿಗೆ ಕೋನ್‌ಗಿಂತ 750 ಪಟ್ಟು ಭಾರ. ಹಾಗಾಗಿ ಅದು ಅಲುಗುವುದು 3 ಮಿ.ಮೀ.ಯ 750ನೇ ಒಂದು ಭಾಗ, ಅಂದರೆ 0.004 ಮಿ.ಮೀ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕೈಯಿಟ್ಟರೆ ಜುಮ್ಮೆನ್ನುತ್ತದೆ, ನಿಜ. ನಮ್ಮ ಬೆರಳು ಅಷ್ಟು ಸೂಕ್ಷ್ಮ. ಈ ನಡುಕ ಕಾಲುಗಳ ಮೂಲಕ ನೆಲವನ್ನು ತಳ್ಳುವ ಬಲ, ಸರಾಸರಿ ಲೆಕ್ಕದಲ್ಲಿ, ಸುಮಾರು 400 ಗ್ರಾಂ ತೂಕ ಇಟ್ಟಷ್ಟು.

ಅದೇ ಹೊತ್ತಿಗೆ ಗಾಳಿ ಏನು ಮಾಡುತ್ತಿದೆ? ಅಂಥ ಸ್ವರ ಕೋಣೆಯಲ್ಲಿ ಹೆಚ್ಚು ಕಡಿಮೆ 90 ಡೆಸಿಬಲ್ ಆಗುತ್ತದೆ. 90 ಡೆಸಿಬಲ್ ಎಂದರೆ ಪ್ರತಿ ಚದರ ಮೀಟರ್ ಮೇಲೆ ಸುಮಾರು 65 ಗ್ರಾಂ ತೂಕದಷ್ಟು ಒತ್ತಡ. ತೀರಾ ಕಡಿಮೆ ಅನ್ನಿಸಬಹುದು. ಆದರೆ ಆ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. ನಾಲ್ಕು ಗೋಡೆ, ನೆಲ, ತಾರಸಿ ಎಲ್ಲ ಸೇರಿದರೆ 66 ಚದರ ಮೀಟರ್. ಒಟ್ಟು ಬಲ 4 ಕೆ.ಜಿ. ದಾಟುತ್ತದೆ, ಸೆಕೆಂಡಿಗೆ 50 ಸಲ. ಕಾಲುಗಳ ಮೂಲಕ ಹೋಗುವುದರ ಹತ್ತು ಪಟ್ಟು. ಇದು ಅಂದಾಜಿನ ಲೆಕ್ಕ. ಕೋಣೆಯ ಎಲ್ಲ ಮೂಲೆಯಲ್ಲೂ ಒತ್ತಡ ಒಂದೇ ಸಮ ಇರುವುದಿಲ್ಲ. ಆದರೂ ಯಾವ ದಾರಿ ರಾಜಬೀದಿ, ಯಾವುದು ಸಂದುಗೊಂದಿ ಎಂಬುದಕ್ಕೆ ಇಷ್ಟು ಸಾಕು. ಮೇಲಾಗಿ ಮೇಷ್ಟ್ರ ಸ್ಪೀಕರ್ ಇರುವುದು ನೆಲಮಹಡಿಯಲ್ಲಿ. ನೆಲದ ಕೆಳಗೆ ಮಣ್ಣು. ಆ ನೆಲವನ್ನು 400 ಗ್ರಾಂ ಬಲದಿಂದ ಕುಣಿಸಲು ಆಗುವುದಿಲ್ಲ.

ಪೇಟೆಯವರಿಗೆ ಇದಕ್ಕೊಂದು ಉಲ್ಟಾ ಉದಾಹರಣೆ ಚೆನ್ನಾಗಿ ಗೊತ್ತು. ಕಬ್ಬನ್‌ಪೇಟೆಯಲ್ಲಿ ವಿದ್ಯುತ್ ಮಗ್ಗಗಳು ಮನೆಯೊಳಗೇ ಓಡುತ್ತಿದ್ದಾಗ ಅಕ್ಕಪಕ್ಕದವರ ನೆಲವೂ ಅದುರುತ್ತಿತ್ತು. ಮಗ್ಗ ಗಾಳಿಗಿಂತ ಹೆಚ್ಚಾಗಿ ನೆಲವನ್ನು ಹೊಡೆಯುವ ಯಂತ್ರ. ಭಾರವಾದ ಭಾಗಗಳು ಹಿಂದೆ ಮುಂದೆ ಬಡಿಯುತ್ತವೆ. ಅದರ ಕಾಲಡಿ ದಪ್ಪ ರಬ್ಬರ್ ಹಾಕಿದರೆ ಖಂಡಿತ ಪ್ರಯೋಜನವಿದೆ. ವಾಷಿಂಗ್ ಮೆಷಿನ್ನಿಗೂ ಅಷ್ಟೆ. ಮಿಕ್ಸಿ ಕೆಳಗೆ ಮಡಿಚಿದ ಬಟ್ಟೆ ಇಡುವ ಅಮ್ಮಂದಿರು ಮಾಡುವುದೂ ಇದೇ ವಿಜ್ಞಾನವನ್ನು. ಚಿಕ್ಕಪೇಟೆಯ ಅಡಿಯಲ್ಲಿ ಓಡುವ ಮೆಟ್ರೊ ರೈಲಿನ ಹಳಿಗೂ ಕಾಂಕ್ರೀಟಿಗೂ ನಡುವೆ ರಬ್ಬರ್ ಪ್ಯಾಡ್ ಇರುವುದು ಇದಕ್ಕೇ. ಮಗ್ಗಕ್ಕೆ, ಮಿಕ್ಸಿಗೆ, ರೈಲಿಗೆ ಸರಿಯಾದದ್ದನ್ನು ಸ್ಪೀಕರ್‌ಗೆ ಅಂಟಿಸಿದರೆ ಫಾರ್ವರ್ಡ್ ಹುಟ್ಟುತ್ತದೆ.

ಮೊನೆಯ ಕತೆ

ಲೋಹದ ಮೊನೆ ಒಂದೇ ದಿಕ್ಕಿಗೆ ಕಂಪನವನ್ನು ಬಿಡುತ್ತದೆ ಎನ್ನುವುದು ಈ ಫಾರ್ವರ್ಡ್‌ಗಿಂತ ಹಳೆಯ ನಂಬಿಕೆ. ಹೈ-ಫೈ ಹುಚ್ಚಿನವರ ವಲಯದಲ್ಲಿ ದಶಕಗಳಿಂದ ಓಡಾಡುತ್ತಿದೆ. ಉಕ್ಕಿನ ಮೊನೆಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬ ತಿಳಿವಳಿಕೆ ಇಲ್ಲ. ಗಟ್ಟಿಯಾದ ವಸ್ತು ಕಂಪನವನ್ನು ಎರಡೂ ಕಡೆಗೆ ಚೆನ್ನಾಗಿಯೇ ಸಾಗಿಸುತ್ತದೆ. ಮೊನೆ ಸ್ಪೀಕರ್ ಅನ್ನು ನೆಲದಿಂದ ಬೇರೆ ಮಾಡುವುದಿಲ್ಲ, ನೆಲಕ್ಕೆ ಬಿಗಿಯುತ್ತದೆ.

ಹಾಗಾದರೆ ಕಂಪನಿಗಳು ಮೊನೆ ಕೊಡುವುದೇಕೆ? ಅದಕ್ಕೆ ನ್ಯಾಯವಾದ ಕಾರಣವಿದೆ. ಚಳಿ ದೇಶಗಳ ಮನೆಗಳಲ್ಲಿ ನೆಲದ ತುಂಬ ದಪ್ಪ ಕಾರ್ಪೆಟ್. ಅದರ ಮೇಲೆ ಎತ್ತರದ ಸ್ಪೀಕರ್ ಇಟ್ಟರೆ ಓಲಾಡುತ್ತದೆ. ಮೊನೆ ಕಾರ್ಪೆಟ್ ದಾಟಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ನಮ್ಮಲ್ಲಿ ಇರುವುದು ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್, ಟೈಲ್ಸ್. 20 ಕೆ.ಜಿ. ಸ್ಪೀಕರ್ ನಾಲ್ಕು ಮೊನೆಗಳ ಮೇಲೆ ನಿಂತರೆ, ಪ್ರತಿ ಮೊನೆಯ ತುದಿ ಒಂದು ಚದರ ಮಿ.ಮೀ. ಇದ್ದರೆ, ಅಷ್ಟೇ ಜಾಗದ ಮೇಲೆ 5 ಕೆ.ಜಿ. ಕೂರುತ್ತದೆ. ಮೇಷ್ಟ್ರ ತಂದೆಯ ಕಾಲದ ಕೆಂಪು ನೆಲದಲ್ಲಿ ಈಗ ಎಂಟು ಸಣ್ಣ ಗುಳಿಗಳಿವೆ. ಅವರಿಗೆ 6,500 ರೂಪಾಯಿಗಿಂತ ಅದೇ ಹೆಚ್ಚು ಬೇಸರ.

ರಬ್ಬರ್ ಇಟ್ಟರೆ?

ರಬ್ಬರ್, ಸ್ಪ್ರಿಂಗ್, ಸ್ಪಂಜು ನಿಜಕ್ಕೂ ಕಂಪನವನ್ನು ತಡೆಯಬಲ್ಲವು. ಆದರೆ ಎಲ್ಲ ರಬ್ಬರೂ ಅಲ್ಲ. ಇದನ್ನು ಮನೆಯಲ್ಲೇ ನೋಡಬಹುದು. ನಾಲ್ಕೈದು ರಬ್ಬರ್ ಬ್ಯಾಂಡ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ, ತುದಿಗೆ ಬೀಗದ ಕೈ ಗೊಂಚಲು ಕಟ್ಟಿ ತೂಗುಬಿಡಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗೊಂಚಲು ಕೈ ಜೊತೆಗೇ ಬರುತ್ತದೆ. ಸ್ವಲ್ಪ ವೇಗ ಹೆಚ್ಚಿಸಿ, ಒಂದು ಹಂತದಲ್ಲಿ ಗೊಂಚಲು ಹುಚ್ಚೆದ್ದು ಕುಣಿಯುತ್ತದೆ, ಕೈ ಅಲುಗುವುದಕ್ಕಿಂತ ಎಷ್ಟೋ ಹೆಚ್ಚು. ಇನ್ನೂ ವೇಗ ಹೆಚ್ಚಿಸಿ, ಕೈ ನಡುಗುತ್ತಲೇ ಇದ್ದರೂ ಗೊಂಚಲು ಸುಮ್ಮನೆ ನಿಲ್ಲುತ್ತದೆ. ತಡೆಯುವ ಕೆಲಸ ಆಗುವುದು ಈ ಮೂರನೇ ಹಂತದಲ್ಲಿ ಮಾತ್ರ. ನಡುವಿನ ಹಂತದ ವೇಗಕ್ಕೆ ಸಹಜ ಕಂಪನಾಂಕ ಎಂದು ಹೆಸರು. ಬರುವ ಕಂಪನ ಅದರ 1.4 ಪಟ್ಟಿಗಿಂತ ಮೇಲಿದ್ದರೆ ತಡೆ ಶುರು. ಕೆಳಗಿದ್ದರೆ ರಬ್ಬರ್ ಇದ್ದೂ ಇಲ್ಲದಂತೆ. ಅದರ ಹತ್ತಿರವೇ ಇದ್ದರೆ ಮೊದಲಿಗಿಂತ ಕೆಡುತ್ತದೆ.

ಸಹಜ ಕಂಪನಾಂಕವನ್ನು ಕಂಡುಹಿಡಿಯಲು ಸ್ಕೇಲ್ ಇದ್ದರೆ ಸಾಕು. ಸ್ಪೀಕರ್ ಇಟ್ಟಾಗ ರಬ್ಬರ್ ಎಷ್ಟು ಕುಗ್ಗಿತು ನೋಡಿ. 1 ಮಿ.ಮೀ. ಕುಗ್ಗಿದರೆ ಸುಮಾರು 16 ಹರ್ಟ್ಸ್. 4 ಮಿ.ಮೀ. ಕುಗ್ಗಿದರೆ 8 ಹರ್ಟ್ಸ್. ಬರೀ 0.1 ಮಿ.ಮೀ., ಅಂದರೆ ಕಣ್ಣಿಗೆ ಕಾಣದಷ್ಟು ಕುಗ್ಗಿದರೆ, 50 ಹರ್ಟ್ಸ್. ಬೇಸ್ ಗಿಟಾರು, ಡ್ರಮ್ಮು ಕೆಲಸ ಮಾಡುವುದೇ 40ರಿಂದ 100 ಹರ್ಟ್ಸ್ ಒಳಗೆ. ಹಾಗಾಗಿ ಸ್ಪೀಕರ್ ಇಟ್ಟರೂ ಕುಗ್ಗದ ಗಟ್ಟಿ ರಬ್ಬರ್ ಬುಷ್‌ಗಳು ಅದೇ ಬೇಸ್ ಅನ್ನು ಹೆಚ್ಚಿಸಲೂಬಹುದು. 4 ಮಿ.ಮೀ. ಕುಗ್ಗುವ ಮೆತ್ತೆಯಾದರೆ 40 ಹರ್ಟ್ಸ್ ಕಂಪನದಲ್ಲಿ ಕೆಳಗಿಳಿಯುವುದು ಲೆಕ್ಕದ ಪ್ರಕಾರ ಶೇಕಡ 4ರಷ್ಟು. ನಿಜವಾದ ರಬ್ಬರ್ ಲೆಕ್ಕದಲ್ಲಿ ಬಂದಷ್ಟು ಒಳ್ಳೆಯದಿರುವುದಿಲ್ಲ, ಅಲುಗಾಟದಲ್ಲಿ ಅದು ಇನ್ನಷ್ಟು ಬಿಗಿ. ಆದರೂ ದೊಡ್ಡ ವ್ಯತ್ಯಾಸವೇ. 20–25 ಮಿ.ಮೀ. ದಪ್ಪದ, ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗುವ ಮೆತ್ತೆ ಇದಕ್ಕೆ ಬೇಕಾದದ್ದು. ಬೆಲೆ ನೋಡಿ ಕೊಳ್ಳುವ ಬದಲು ಕುಗ್ಗುವುದನ್ನು ನೋಡಿ ಕೊಳ್ಳಿ. ಅರ್ಧಕ್ಕೆ ಕತ್ತರಿಸಿದ ಟೆನ್ನಿಸ್ ಚೆಂಡನ್ನು ಇಟ್ಟವರನ್ನೂ ನಾವು ಕಂಡಿದ್ದೇವೆ. ಸ್ಪೀಕರ್ ಹಗುರವಾಗಿದ್ದರೆ ಅದೂ ಆದೀತು, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ.

ಒಂದು ಎಚ್ಚರಿಕೆ. ಎತ್ತರದ ಸ್ಪೀಕರ್ ಅನ್ನು ತುಂಬ ಮೆತ್ತಗಿನ ಸ್ಪಂಜಿನ ಮೇಲೆ ನಿಲ್ಲಿಸಬೇಡಿ. ಮಗು ಹಿಡಿದುಕೊಂಡು ಎದ್ದು ನಿಂತರೆ ಸ್ಪೀಕರ್ ಮಗುವಿನ ಮೇಲೇ ಬೀಳುತ್ತದೆ.

ನಾವು ಮಾಡಿ ನೋಡಿದ್ದು

ಮೇಷ್ಟ್ರ ಮನೆಯಲ್ಲಿ ಹೀಗೆ ಮಾಡಿದೆವು. ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ, ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನೊಳಗೆ ಅಲುಗಾಟ ಅಳೆಯುವ ಸೆನ್ಸರ್ ಇರುತ್ತದಲ್ಲ, ಸ್ಕ್ರೀನ್ ಅಡ್ಡ ಉದ್ದ ತಿರುಗಿಸುವುದು ಅದೇ. ಈ ಆ್ಯಪ್ ಅದರ ಅಂಕಿಗಳನ್ನು ನೇರವಾಗಿ ತೋರಿಸುತ್ತದೆ. ಒಂದು ಫೋನಿನಿಂದ 50 ಹರ್ಟ್ಸ್ ಸ್ವರ ನುಡಿಸಿ, ಇನ್ನೊಂದು ಫೋನನ್ನು ಸ್ಪೀಕರ್ ತಲೆಯ ಮೇಲೆ ಇಟ್ಟೆವು. ಗ್ರಾಫ್ ಚೆನ್ನಾಗಿ ಎದ್ದಿತು. ಸ್ಪೀಕರ್ ಪಕ್ಕದ ನೆಲದ ಮೇಲೆ ಇಟ್ಟೆವು. ಹೆಚ್ಚು ಕಡಿಮೆ ಏನೂ ಇಲ್ಲ. ನಡುಗೋಡೆಗೆ ಒತ್ತಿ ಹಿಡಿದೆವು. ಫೋನಿಗೆ ಏನೂ ತಿಳಿಯಲಿಲ್ಲ. ಗೋಡೆಯಾಚೆ ಮಲಗಿದ್ದ ಅಜ್ಜಿಗೆ ತಿಳಿಯಿತು, “ಶುರು ಮಾಡಿದ್ರಾ?” ಎಂದು ಅಲ್ಲಿಂದಲೇ ಕೇಳಿದರು.

ಆಮೇಲೆ ಸೊಸೆಯನ್ನು ಒಪ್ಪಿಸಿ ಇನ್ನೊಂದು ಪರೀಕ್ಷೆ. ಅವರು ತಮ್ಮ ಕೋಣೆಯಲ್ಲಿ ಪೆನ್ನು ಕಾಗದ ಹಿಡಿದು ಕೂರಬೇಕು. ಇಲ್ಲಿ ನಾವು ಒಂದೇ ಹಾಡನ್ನು ಒಂದೇ ವಾಲ್ಯೂಮಿನಲ್ಲಿ ಹಲವು ಸಲ ಹಾಕುತ್ತೇವೆ. ಕೆಲವು ಸಲ ಮೊನೆಯ ಮೇಲೆ, ಕೆಲವು ಸಲ ನಾಲ್ಕು ಮಡಿಕೆ ಮಾಡಿದ ರಜಾಯಿ ಮೇಲೆ. ಸ್ಪೀಕರ್ ಉರುಳದಂತೆ ನಮ್ಮಲ್ಲೊಬ್ಬರು ಹಿಡಿದುಕೊಂಡಿದ್ದರು. ಯಾವುದು ಯಾವಾಗ ಎಂದು ಅವರಿಗೆ ಹೇಳುವುದಿಲ್ಲ. ಕಡಿಮೆ ಕೇಳಿಸಿದಾಗ ಗುರುತು ಹಾಕಬೇಕು. ಕೊನೆಗೆ ನೋಡಿದರೆ ಗುರುತುಗಳಿಗೂ ನಾವು ಬದಲಾಯಿಸಿದ್ದಕ್ಕೂ ತಾಳೆಯೇ ಇಲ್ಲ. ನಾಣ್ಯ ಚಿಮ್ಮಿ ಬರೆದ ಹಾಗಿತ್ತು. ಇದು ಪ್ರಯೋಗಾಲಯದ ಅಧ್ಯಯನವೇನೂ ಅಲ್ಲ. ಆದರೆ ನಿಮ್ಮ ಮನೆಯಲ್ಲಿ ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಈ ರಜಾಯಿ ಪರೀಕ್ಷೆ ಮಾಡಿ. ರಜಾಯಿಯಿಂದ ಪಕ್ಕದವರಿಗೆ ವ್ಯತ್ಯಾಸ ತಿಳಿಯದಿದ್ದರೆ ಯಾವ ದುಬಾರಿ ಪ್ಯಾಡಿನಿಂದಲೂ ತಿಳಿಯುವುದಿಲ್ಲ. ಐದು ನಿಮಿಷ ಸಾಕು. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್ ಆದರೆ ಗಾಳಿ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ.

ನಿಜವಾದ ವ್ಯತ್ಯಾಸ ಬಂದದ್ದು ಮೂರು ಕೆಲಸಗಳಿಂದ, ಮೂರೂ ಪುಕ್ಕಟೆ.

ಸ್ಪೀಕರ್‌ಗಳು ನಡುಗೋಡೆಗೆ ತಾಗಿ, ಮೂಲೆಯಲ್ಲಿದ್ದವು. 50 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್, ಕೋಣೆಗಿಂತ ದೊಡ್ಡದು. ಇಷ್ಟು ಉದ್ದದ ಅಲೆಗೆ ಸ್ಪೀಕರ್‌ನ ಮುಖ ಯಾವ ಕಡೆ ಎಂಬುದು ಲೆಕ್ಕಕ್ಕಿಲ್ಲ, ಅದು ಎಲ್ಲ ದಿಕ್ಕಿಗೂ ಹರಡುತ್ತದೆ. ಸ್ಪೀಕರ್ ಗೋಡೆಗೆ ಒತ್ತಿಕೊಂಡಿದ್ದರೆ ಹಿಂದೆ ಹೋದ ಸದ್ದೂ ಮುಂದೆ ಬಂದು ಸೇರಿ ಬೇಸ್ 6 ಡೆಸಿಬಲ್‌ವರೆಗೆ ಏರಬಹುದು. ಮೂಲೆಯಾದರೆ ಇನ್ನೂ ಹೆಚ್ಚು. ಸ್ಪೀಕರ್‌ಗಳನ್ನು ಎದುರಿನ ಗೋಡೆಯ ಕಡೆಗೆ ಒಯ್ದು, ಗೋಡೆಯಿಂದ ಎರಡು ಅಡಿ ಮುಂದೆ ಎಳೆದೆವು. ಆಚೆಯಿಂದ ಸೊಸೆ, “ಈಗ ಏನೋ ಮಾಡಿದ್ರಿ ಅಲ್ವಾ?” ಎಂದರು. ಮೇಷ್ಟ್ರು ಮೊದಲು ಮುಖ ಸಿಂಡರಿಸಿದರು, ಹಾಡು ಸಪ್ಪೆಯಾಯಿತು ಎಂದು. ಅರ್ಧ ಗಂಟೆಯ ಮೇಲೆ ಗಾಯಕಿಯ ದನಿ ಈಗಲೇ ಬಿಡಿಸಿ ಕೇಳಿಸುತ್ತದೆ ಎಂದು ಅವರೇ ಹೇಳಿದರು. ಮೂಲೆಯ ಗುಂಯ್ ಸದ್ದು ಕಡಿಮೆಯಾದರೆ ಹಾಗೆಯೇ ಆಗುವುದು.

ಎರಡನೆಯದು ಬೇಸ್ ಗುಬ್ಬಿ. ಅದನ್ನು ಕಡಿಮೆ ಮಾಡಿದರೆ ಒಟ್ಟು ವಾಲ್ಯೂಮ್ ಹಾಗೇ ಇದ್ದರೂ ಗೋಡೆ ದಾಟುವ ಸದ್ದು ಗಣನೀಯವಾಗಿ ಇಳಿಯುತ್ತದೆ, ಏಕೆಂದರೆ ಗೋಡೆ ದಾಟುತ್ತಿರುವುದೇ ಬೇಸ್. ಗಟ್ಟಿ ಇಟ್ಟಿಗೆ ಗೋಡೆ ಮೇಲಿನ ಸ್ವರಗಳನ್ನು ಚೆನ್ನಾಗಿ ತಡೆಯುತ್ತದೆ, ಬೇಸ್ ಅನ್ನು ಅಷ್ಟಾಗಿ ಅಲ್ಲ. ಪಕ್ಕದ ಬೀದಿಯ ಗಣಪತಿ ಪೆಂಡಾಲಿನಿಂದ ಹಾಡು ಯಾವುದೆಂದು ತಿಳಿಯದೆ ಧಡ್ ಧಡ್ ಮಾತ್ರ ಕೇಳುವುದು ಇದರಿಂದಲೇ.

ಮೂರನೆಯದು ನಾವು ಊಹಿಸದೇ ಇದ್ದದ್ದು. ಅಜ್ಜಿ ಹೆಚ್ಚು ದೂರುತ್ತಿದ್ದ ಗಡಗಡ ಸದ್ದು ಮೇಷ್ಟ್ರ ಮನೆಯದೇ ಅಲ್ಲ. ಅವರ ಹಾಸಿಗೆಯ ಪಕ್ಕದಲ್ಲೇ ದಸರಾ ಗೊಂಬೆಗಳ ಷೋಕೇಸ್ ಇದೆ. ಅದರ ಜಾರುವ ಗಾಜು ಚೌಕಟ್ಟಿನಲ್ಲಿ ಸಡಿಲ. ಒಂದು ನಿರ್ದಿಷ್ಟ ಬೇಸ್ ಸ್ವರ ಬಂದಾಗಲೆಲ್ಲ ಗಾಜು ನಡುಗುತ್ತಿತ್ತು. ಗಾಜಿನ ಅಂಚಿಗೆ ಮಡಿಚಿದ ಬಟ್ಟೆ ಚೂರು ಸಿಕ್ಕಿಸಿದೆವು. ನಿಂತಿತು.

ಮೊಟ್ಟೆ ಟ್ರೇ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸದ್ದನ್ನು ತಡೆಯಲು ಬೇಕಾದದ್ದು ತೂಕ. ಗೋಡೆಯ ತೂಕ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ತಡೆ ಹೆಚ್ಚುತ್ತದೆ. ಮೊಟ್ಟೆ ಟ್ರೇಗೆ, ಥರ್ಮೊಕೋಲ್‌ಗೆ ತೂಕವೆಲ್ಲಿದೆ? ಟ್ರೇಯಿಂದ ಕೋಣೆಯ ಒಳಗಿನ ಮಾರ್ದನಿ ಅಷ್ಟಿಷ್ಟು ಬದಲಾಗಬಹುದು, ಜಿರಲೆಗೆ ಮನೆಯಾಗಬಹುದು, ಬೆಂಕಿ ಬೇಗ ಹಿಡಿಯುವುದೂ ನಿಶ್ಚಿತ. ಅದಕ್ಕಿಂತ ಎರಡು ಮನೆಗೂ ಸೇರಿದ ವೆಂಟಿಲೇಟರ್, ಬಾಗಿಲಿನ ಕೆಳಗಿನ ಸಂದು, ಗೋಡೆಯಲ್ಲಿ ಪೈಪ್ ಹಾಯ್ದ ತೂತು ಇವನ್ನು ಮುಚ್ಚಿ. ಮಾತು ಮತ್ತು ಹಾಡಿನ ಮೇಲಿನ ಸ್ವರಗಳು ಹೋಗುವುದು ಅಲ್ಲಿಂದ.

ಪ್ಯಾಡ್ ಎಲ್ಲಿ ಬೇಕು

ಹಾಗೆಂದು ಪ್ಯಾಡ್ ಎಂದರೆ ಮೋಸ ಎಂಬ ಹೊಸ ಫಾರ್ವರ್ಡ್ ದಯವಿಟ್ಟು ಮಾಡಬೇಡಿ. ಪೇಟೆಯ ಹಳೆಯ ಮನೆಗಳ ಮಹಡಿ ಮರದ ತೊಲೆ, ಜಂತೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿ. ನಡೆದರೆ ಕೆಳಗೆ ತಿಳಿಯುತ್ತದೆ. ಬಸವನಗುಡಿ, ಮಲ್ಲೇಶ್ವರದಲ್ಲೂ ಇಂಥ ಮನೆಗಳು ಇನ್ನೂ ಇವೆ. ಅಂಥ ಮಹಡಿಯ ಮೇಲೆ, ಇಲ್ಲವೇ ಮರದ ಅಟ್ಟದ ಮೇಲೆ ಸ್ಪೀಕರ್ ಇದ್ದರೆ ಶ್ರುತಿಕವೆ ಮತ್ತು ಮೇಜಿನ ಚಿತ್ರ ನಿಜವಾಗುತ್ತದೆ. ಗಾಜಿನ ಷೋಕೇಸ್, ಪ್ಲೈವುಡ್ ಟಿವಿ ಸ್ಟ್ಯಾಂಡ್ ಮೇಲೆ ಇಟ್ಟ ಸಣ್ಣ ಸ್ಪೀಕರ್‌ಗೂ ಅಷ್ಟೆ. ಕುಗ್ಗುವ ಪ್ಯಾಡ್ ಹಾಕಿದರೆ ಸ್ಟ್ಯಾಂಡಿನ ಗುಂಯ್ ಎನ್ನುವ ಸದ್ದು ನಿಂತು ಹಾಡು ತಿಳಿಯಾಗುತ್ತದೆ. ಇದು ಕೇಳುವವರಿಗೆ ಆಗುವ ಲಾಭ. ಗೋಡೆಗೆ ಬ್ರ್ಯಾಕೆಟ್ ಹಾಕಿ ತೂಗುಹಾಕಿದ ಸ್ಪೀಕರ್ ಆದರೆ ಬ್ರ್ಯಾಕೆಟ್ ಮತ್ತು ಗೋಡೆಯ ನಡುವೆ ರಬ್ಬರ್ ವಾಷರ್ ಬೇಕು, ಅದಕ್ಕಿಂತ ಒಳ್ಳೆಯದು ಪಕ್ಕದ ಮನೆಗೆ ಸೇರಿದ ಗೋಡೆಗೆ ಹಾಕದೇ ಇರುವುದು.

ಎಲ್ಲಕ್ಕಿಂತ ಪ್ಯಾಡ್ ಬೇಕಾಗಿರುವುದು ಎಲ್‌ಪಿ ಪ್ಲೇಯರ್‌ಗೆ. ಅದರ ಮುಳ್ಳು ಓದುವುದೇ ಕೂದಲಿಗಿಂತ ಸಣ್ಣ ಅಲುಗಾಟವನ್ನು. ಸ್ಪೀಕರ್‌ನ ಕಂಪನ ಮೇಜಿನ ಮೂಲಕ ಮುಳ್ಳಿಗೆ ಬಂದರೆ ಅದೇ ಮತ್ತೆ ಸ್ಪೀಕರ್‌ನಲ್ಲಿ ಬಂದು ಗೂಳಿಡುತ್ತದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯವರು ರಾಮನವಮಿ ಕಛೇರಿ ನಡೆಸುತ್ತಿದ್ದಾರಲ್ಲ, ಅಂಥ ಯಾವುದೇ ಕಛೇರಿಯ ಮರದ ವೇದಿಕೆಯ ಮೇಲೆ ಮೈಕ್ ಸ್ಟ್ಯಾಂಡ್‌ಗಳ ಕಾಲಿಗೆ ರಬ್ಬರ್ ಬೇಕಾಗುವುದೂ ಇದೇ ಕಾರಣಕ್ಕೆ. ಇಲ್ಲದಿದ್ದರೆ ವೇದಿಕೆಯ ಮೇಲೆ ಯಾರಾದರೂ ನಡೆದದ್ದೂ ಹಾಡಿನ ಜೊತೆ ಕೇಳಿಸುತ್ತದೆ.

ಗೋಡೆ ಬಿರುಕು, ಹೃದಯ, ಮತ್ತು ಫೋನಿನ ಡೆಸಿಬಲ್

ಬೇಸ್‌ಗೆ ಗೋಡೆ ಬಿರುಕು ಬಿಡುತ್ತದೆಯೇ? ಕಟ್ಟಡದ ಕಂಪನವನ್ನು ಸೆಕೆಂಡಿಗೆ ಇಷ್ಟು ಮಿ.ಮೀ. ಎಂದು ಅಳೆಯುತ್ತಾರೆ. ಬ್ರಿಟನ್ನಿನ ಬಿಎಸ್ 5228 ಮಾನದಂಡದ ಪ್ರಕಾರ ಮನೆಯಲ್ಲಿರುವವರ ಗಮನಕ್ಕೆ ಕಂಪನ ಬರಲು 0.3 ಸಾಕು, 1 ಆದರೆ ಜನ ದೂರು ಕೊಡುತ್ತಾರೆ. ಜರ್ಮನಿಯ ಡಿಐಎನ್ 4150 ಮಾನದಂಡದಲ್ಲಿ ನಿರಂತರ ಕಂಪನಕ್ಕೆ ಹಾನಿಯ ಮಿತಿ ಸಾಮಾನ್ಯ ಮನೆಗೆ 5, ಸೂಕ್ಷ್ಮವಾದ ಪಾರಂಪರಿಕ ಕಟ್ಟಡಕ್ಕೆ 2.5. ಅಂದರೆ ಗೋಡೆಗೆ ಏನಾದರೂ ಆಗುವ ಎಷ್ಟೋ ಮೊದಲೇ ಮನೆಯವರು ಎದ್ದು ಬಂದು ಬಾಗಿಲು ಬಡಿದಿರುತ್ತಾರೆ. ಮೇಷ್ಟ್ರ ಗೋಡೆಯಲ್ಲಿ ಬಿರುಕು ಇರುವುದು ನಿಜ. ಅದು ತೇವದ್ದು, ಮೇಲಿನ ಪೈಪ್ ಸೋರುತ್ತಿದೆ. ಹಾಡು ನಿಲ್ಲಿಸಿದರೆ ಅದು ನಿಲ್ಲುವುದಿಲ್ಲ, ಪ್ಲಂಬರ್ ಕರೆಸಬೇಕು.

ಮನೆಯ ಮಟ್ಟದ ಬೇಸ್‌ನಿಂದ ಹೃದಯ ನಿಲ್ಲುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ನಿದ್ದೆಗೆಡುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ರಾತ್ರಿ ಸದ್ದಿನ ಮಾರ್ಗಸೂಚಿಯಲ್ಲಿ ಮನೆಯ ಹೊರಗೆ 40 ಡೆಸಿಬಲ್ ಮೀರಬಾರದು ಎಂದಿದೆ. ಕಾರಣಗಳಲ್ಲಿ ನಿದ್ದೆಗೇಡು, ಹೃದಯದ ಆರೋಗ್ಯ ಎರಡೂ ಇವೆ. ಆಪರೇಷನ್ ಆಗಿ ಬಂದವರು ಗೋಡೆಯಾಚೆ ಇದ್ದಾಗ ಆ ದೂರನ್ನು ತಳ್ಳಿಹಾಕುವಂತಿಲ್ಲ.

ಇಲ್ಲೇ ಮೇಷ್ಟ್ರಿಗೂ ಸೊಸೆಗೂ ಜಗಳ ಬಿಸಿಯಾದದ್ದು. ಮೇಷ್ಟ್ರು ಫೋನಿನ ಡೆಸಿಬಲ್ ಆ್ಯಪ್ ತೋರಿಸಿ, “ನೋಡಮ್ಮ, ನಿಮ್ಮ ಮನೇಲಿ ಬರೀ 38 ಇದೆ” ಎಂದಿದ್ದರು. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಖಾಸಗಿ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ ಇದನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಆ ಲೆಕ್ಕದಲ್ಲಿ ಮೇಷ್ಟ್ರು ಗೆದ್ದ ಹಾಗೆ ಕಾಣುತ್ತದೆ. ಆದರೆ ನಿಯಮದಲ್ಲಿರುವುದು ಎ-ತೂಕದ ಡೆಸಿಬಲ್, ಸಾಮಾನ್ಯವಾಗಿ ಆ್ಯಪ್ ತೋರಿಸುವುದೂ ಅದನ್ನೇ. ಈ ವಿಧಾನದಲ್ಲಿ ತಗ್ಗು ಸ್ವರಗಳ ಅಂಕವನ್ನು ಕಳೆದೇ ಲೆಕ್ಕ ಹಾಕುತ್ತಾರೆ. 50 ಹರ್ಟ್ಸ್‌ನಲ್ಲಿ ಕಳೆಯುವುದು 30 ಡೆಸಿಬಲ್. ಅಂದರೆ 65 ಡೆಸಿಬಲ್ ಬೇಸ್ ಇದ್ದರೂ ಅದರ ಪಾಲಿಗೆ ಆ್ಯಪ್‌ನಲ್ಲಿ ಬರುವುದು 35. ಮೇಲಾಗಿ ಫೋನಿನ ಮೈಕ್ ಮಾಡಿರುವುದು ಮಾತಿಗೆ, ಬೇಸ್ ಅಳೆಯಲು ಅಲ್ಲ. ಆ್ಯಪ್ ಸುಳ್ಳು ಹೇಳಲಿಲ್ಲ, ಅಜ್ಜಿಯೂ ಸುಳ್ಳು ಹೇಳಲಿಲ್ಲ.

ಇದನ್ನು ವಿವರಿಸಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೇಸ್ ಗುಬ್ಬಿಯ ಮೇಲೆ, ಎಲ್ಲಿಯವರೆಗೆ ತಿರುಗಿಸಬಹುದು ಎಂಬಲ್ಲಿಗೆ, ಬಿಳಿ ಪೇಂಟಿನ ಚುಕ್ಕೆ ಇಟ್ಟರು. ರಾತ್ರಿ ಒಂಬತ್ತರ ಮೇಲೆ ಹೆಡ್‌ಫೋನ್. ಮೊನೆಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ, ಕಾಲುಗಳಿಗೆ ನೆಲ ಗೀರದಂತೆ ಸಣ್ಣ ಫೆಲ್ಟ್ ತುಂಡು ಅಂಟಿಸಿದರು. ನಾವು ಹೊರಡುವಾಗ ಸೊಸೆ ಎರಡು ಲೋಟ ಕಾಫಿ ತಂದುಕೊಟ್ಟು, ಅತ್ತೆಗೆ ಸಂಜೆ ಹೊತ್ತು ಹಳೆಯ ಹಾಡು ಹಾಕಿದರೆ ಪರವಾಗಿಲ್ಲವಂತೆ, ಮಧ್ಯಾಹ್ನ ಮಲಗಿದಾಗ ಮಾತ್ರ ಬೇಡವಂತೆ ಎಂದರು. ಯಾವ ಹಾಡು ಬೇಕಂತೆ ಎಂದು ಮೇಷ್ಟ್ರು ಗೋಡೆಯ ಕಡೆ ತಿರುಗಿ ಜೋರಾಗಿ ಕೇಳಿದರು. ಆ ಉತ್ತರ ಗೋಡೆ ದಾಟಿ ನಮಗೆ ಸರಿಯಾಗಿ ಕೇಳಿಸಲಿಲ್ಲ.